ನಿನ್ನೆಯ ಬಂಗಡೆ ಸಾರು

ಹಳದೀಪುರ
೧೯ ಫೆಬ್ರವರಿ ೨೦೨೫, ಬುಧವಾರ

ಚಿ. ರಂಜಿತಾ,

ಆಶೀರ್ವಾದ ಕೊನೆಯಲ್ಲಿ ಮಾಡುತ್ತೇನೆ, ಮೊದಲು ಜಗಳ. ನಾವಿಲ್ಲಿ ಕ್ಷೇಮ. ನಿನ್ನ ಅಪ್ಪನ ಮೊಣಕಾಲು ನೋವು ಕಡಿಮೆಯಾಗಿ ಮತ್ತೆ ಲೈಟುಕಂಬ ಹತ್ತುತ್ತಿದ್ದಾರೆ. ನಿನ್ನ ಫೋನು ಎತ್ತದೆ, ಮೆಸೇಜಿಗೆ ಉತ್ತರ ಕೊಡದೆ ಹತ್ತು ದಿನವಾಯಿತು. ಅದು ನನ್ನ ತಪ್ಪು, ಒಪ್ಪಿದೆ. "ಆಯಿ, ಸಿಟ್ಟಾ?" ಎಂದು ಮೂರು ಸಲ ಕೇಳಿದ್ದೀಯ. ಹೌದು, ಸಿಟ್ಟು. ಫೋನಿನಲ್ಲಿ ಹೇಳಲು ಹೋದರೆ ನನ್ನ ದನಿ ಏರುತ್ತದೆ, ನೀನು "ಕ್ಲಾಸಿದೆ ಆಯಿ" ಅಂದು ಕಟ್ ಮಾಡುತ್ತೀಯ. ಕಾಗದವಾದರೆ ಕೂತು ಇಡೀ ಓದಬೇಕಾಗುತ್ತದೆ. ಓದು.

ಹೋದ ಭಾನುವಾರದ ಹಿಂದಿನ ಭಾನುವಾರ ಮಾದಿ ಮೀನು ತಂದಿದ್ದಳು. ಇಪ್ಪತ್ತು ವರ್ಷದಿಂದ ನಮ್ಮ ಅಂಗಳಕ್ಕೆ ಬುಟ್ಟಿ ಇಳಿಸುವವಳು, ನಿನಗೆ ಗೊತ್ತಲ್ಲ, ಒಂದು ಮೀನು ಹೆಚ್ಚಿಗೆ ಹಾಕು ಎಂದರೆ ಅವಳ ಬಾಯಿಂದ ಏನೇನು ಬರುತ್ತದೆಂದು. ಅಂಥವಳು ಅವತ್ತು ನಾನು ಕೇಳದೆಯೇ ಎರಡು ಬಂಗಡೆ ಹೆಚ್ಚಿಗೆ ಹಾಕಿದಳು. ನಾನು ಬೆಪ್ಪಾಗಿ ಅವಳ ಮುಖ ನೋಡಿದೆ.

"ಇರ್ಲಿ, ಬಿಸಿ ಬಿಸಿ ಮಾಡ್ಕಂಡು ತಿನ್ನು. ನೀ ಇಷ್ಟು ಕಷ್ಟದಾಗೆ ಇದ್ದಿ ಅಂತ ನಂಗೆ ಗೊತ್ತೇ ಇರ್ಲಿಲ್ಲಾ ಮಾರಾಯ್ತಿ" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಎಂತ ಕಷ್ಟ?" ಎಂದು ಕೇಳಿದೆ.

"ನಿನ್ನ ಮಗಳು ಮೈಕಿನಾಗೆ ಹೇಳಿದ್ದು ನನ್ನ ಸೊಸೆ ಮೊಬೈಲಿನಾಗೆ ತೋರ್ಸಿದ್ಲು. ನಮ್ಮನೆಯವ್ರೆಲ್ಲಾ ಕೂತು ಅತ್ವು."

ರಂಜಿತಾ, ಹೆರಿಗೆಯಾದ ಹದಿನೆಂಟನೇ ದಿನಕ್ಕೆ ತಲೆಯ ಮೇಲೆ ಬುಟ್ಟಿ ಹೊತ್ತು ಹೆದ್ದಾರಿಯ ಬದಿಯಲ್ಲಿ ನಡೆದವಳು ಆ ಮಾದಿ. ಮನೆಯಲ್ಲಿ ಇರಲೋ ಬೇಡವೋ ಎಂದು ಅವಳನ್ನು ಯಾರೂ ಕೇಳಲಿಲ್ಲ. ಅವಳು ನನಗಾಗಿ ಅಳುತ್ತಿದ್ದಾಳೆ! ನನಗೆ ನಿಂತ ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು. ಆ ಎರಡು ಮೀನು ವಾಪಸು ಕೊಡಲು ಹೋದರೆ ಅವಳು ತೆಗೆದುಕೊಳ್ಳಲೇ ಇಲ್ಲ.

ಕೂಡಲೇ ಎದುರುಮನೆ ಶ್ರೀಗೌರಿ ಟೀಚರ ಹತ್ತಿರ ಓಡಿದೆ. ಅವರ ಫೋನಿನಲ್ಲೂ ಆ ವಿಡಿಯೋ ಇತ್ತು. ಇಡೀ ಊರಿನ ಫೋನಿನಲ್ಲಿತ್ತು, ನನ್ನ ಫೋನೊಂದು ಬಿಟ್ಟು. ಅವರ ಸೋಫಾದ ಮೇಲೆ ಕೂತು ನೋಡಿದೆ. ಧಾರವಾಡದಲ್ಲಿ ರಾಜ್ಯಮಟ್ಟದ ಭಾಷಣ ಸ್ಪರ್ಧೆ, ಪ್ರಥಮ ಬಹುಮಾನ, ವಿಷಯ 'ನನ್ನ ಬದುಕಿನ ಸ್ಫೂರ್ತಿ'. ನೀನು ಹಸಿರು ಸೀರೆ ಉಟ್ಟಿದ್ದೆ. ಚೆಂದ ಕಾಣುತ್ತಿದ್ದೆ, ಅದನ್ನು ಹೇಳದೆ ಇರುವುದಿಲ್ಲ. ದನಿಯೂ ಚೆನ್ನಾಗಿತ್ತು. ಆದರೆ ಮಾತು ಬೇಡಪ್ಪಾ ಬೇಡ. ಹುಟ್ಟಿದಾಗಿನಿಂದ ಆಯಿ ಎಂದು ಕೂಗಿದವಳು ಮೈಕು ಸಿಕ್ಕ ಕೂಡಲೇ 'ಮಾತೆ' ಅಂದೆ. ಆ ಮಾತೆ ಯಾರು? ನಮ್ಮ ಮನೆಯಲ್ಲಿ ಅಂಥವಳು ಯಾರೂ ಇಲ್ಲ.

"ತಾನು ತಂಗಳು ಉಂಡು ನಮಗೆ ಬಿಸಿ ಬಡಿಸಿದಳು ನನ್ನ ಮಾತೆ. ನಿನ್ನೆಯ ಸಾರಿನ ತಳದಲ್ಲಿ ಉಳಿದ ಒಂದು ಮೀನಿನ ತುಂಡೇ ಅವಳ ಪಾಲಿನ ಮೃಷ್ಟಾನ್ನ." ನೀನು ಹೀಗೆ ಅಂದಾಗ ಮುಂದೆ ಕೂತ ಜನ ಚಪ್ಪಾಳೆ ತಟ್ಟಿದರು. ಬಯಲುಸೀಮೆಯವರು ಪಾಪ, ಅವರಿಗೇನು ಗೊತ್ತು? ನಿನಗೆ ಗೊತ್ತಿಲ್ಲವೇ? ಹೊನ್ನಾವರ ತಾಲೂಕಿನಲ್ಲಿ ಹುಟ್ಟಿ, ಮೀನು ತಿಂದು ಬೆಳೆದು, ನಿನ್ನೆಯ ಬಂಗಡೆ ಸಾರು ಬಡತನದ ಊಟ ಎಂದು ಹೇಳಲು ನಾಲಿಗೆ ಹೇಗೆ ಹೊರಳಿತು? ಹುಳಿಗೆ ಮುರುಗಲ ಸಿಪ್ಪೆ, ಘಮಕ್ಕೆ ಜುಮ್ಮನಕಾಯಿ ಹಾಕಿ ಮಣ್ಣಿನ ಗಡಿಗೆಯಲ್ಲಿ ಮಾಡಿದ್ದನ್ನು ರಾತ್ರಿಗೊಮ್ಮೆ ಬೆಳಿಗ್ಗೆಗೊಮ್ಮೆ ಕುದಿಸಿ ಬತ್ತಿಸಿದರೆ ಮಸಾಲೆ ಮೀನಿನ ಮುಳ್ಳಿನವರೆಗೂ ಇಳಿದಿರುತ್ತದೆ. ಮಾಡಿದ ದಿನ ಅದು ಬರೀ ಸಾರು. ಅದರ ರುಚಿಯೆಲ್ಲ ಮರುದಿನವೇ. ನಾನು ಅದನ್ನು ನಿಮಗೆ ಕೊಡದೆ ಉಳಿಸಿಕೊಳ್ಳುತ್ತಿದ್ದೆ. ಉಳಿದಿರಲಿಲ್ಲ, ಉಳಿಸಿಕೊಳ್ಳುತ್ತಿದ್ದೆ! ನೀವಿಬ್ಬರೂ ಕಣ್ಣು ಹಾಕಬಾರದೆಂದು ಗಡಿಗೆಯನ್ನು ಹಿಟ್ಟಿನ ಡಬ್ಬದ ಹಿಂದೆ ಇಡುತ್ತಿದ್ದೆ. ನೀನು ಶಾಲೆಗೆ, ಅಪ್ಪ ಡ್ಯೂಟಿಗೆ ಹೋದ ಮೇಲೆ ಹನ್ನೊಂದು ಗಂಟೆಗೆ ಹಿತ್ತಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಕುಚ್ಚಲಕ್ಕಿ ಗಂಜಿಯ ಜೊತೆ ಅದನ್ನು ಬೆರಳು ನೆಕ್ಕಿಕೊಂಡು ತಿನ್ನುತ್ತಿದ್ದೆ. ಯಾರೂ ಆಯಿ ಎಂದು ಕೂಗದ, ಯಾರೂ ನೀರು ಕೊಡು ಎನ್ನದ ಆ ಅರ್ಧ ಗಂಟೆ ನನ್ನದು. ದೇವರು ಎದುರು ಬಂದು ಏನು ಬೇಕು ಎಂದು ಕೇಳಿದ್ದರೆ, ನಿಂತುಕೊಳ್ಳಪ್ಪ, ಊಟ ಮುಗಿಸಿ ಹೇಳುತ್ತೇನೆ ಅನ್ನುತ್ತಿದ್ದೆ. ಅದನ್ನು ಕೊಂಡೊಯ್ದು ನೀನು ಕಣ್ಣೀರು ಮಾಡಿಟ್ಟೆ.

ಇಷ್ಟಕ್ಕೇ ಮುಗಿಯಲಿಲ್ಲ. ಮಾದಿ ಕೊಟ್ಟ ಬಂಗಡೆಯ ಸಾರನ್ನು ಅವತ್ತು ಮಾಡಿ, ಮರುದಿನ ಹನ್ನೊಂದಕ್ಕೆ ತಿನ್ನಲೆಂದು ಬಂದು ನೋಡುತ್ತೇನೆ, ಗಡಿಗೆ ತೊಳೆದು ಬೋರಲು ಹಾಕಿದೆ. ನಿನ್ನ ಅಪ್ಪ ಡ್ಯೂಟಿಗೆ ಹೋಗುವ ಮೊದಲು ಅಷ್ಟನ್ನೂ ತೆಂಗಿನ ಬುಡಕ್ಕೆ ಸುರಿದು ಹೋಗಿದ್ದರು. ಜೀವಮಾನದಲ್ಲಿ ಒಂದು ಲೋಟ ತೊಳೆಯದ ಮನುಷ್ಯ ಗಡಿಗೆ ತೊಳೆದಿದ್ದಾರೆ! ಫೋನು ಮಾಡಿದೆ.

"ನೀ ಇನ್ಮೇಲೆ ತಂಗಳು ತಿನ್ನೂದು ಬ್ಯಾಡ. ಆಫೀಸಿನಾಗೆ ಎಲ್ರೂ ಕೇಳ್ತ್ರು, ಗಣೇಶಣ್ಣ, ಹೆಂಡ್ತಿಗೆ ಊಟ ಹಾಕೂದಿಲ್ವಾ ಅಂತ. ನಂಗೆ ತಲೆ ಎತ್ತೂಕೆ ಆಗ್ಲಿಲ್ಲಾ" ಅಂದರು.

"ಬೈಗಿಗೆ ಮನೆಗೆ ಬಂದಾಗ ಆ ತೆಂಗಿನಮರದ ಹತ್ರವೇ ಊಟ ಕೇಳಿ" ಎಂದು ಫೋನು ಇಟ್ಟೆ. ಎರಡು ದಿನ ಮನೆಯಲ್ಲಿ ಮೊಸರನ್ನವೇ ಆಯಿತು.

ಆಮೇಲೆ ಆ ಕೆಲಸದ ಮಾತು. "ನನಗಾಗಿ ತನ್ನ ಉದ್ಯೋಗವನ್ನೇ ತ್ಯಜಿಸಿದಳು." ಯಾರು ಹೇಳಿದ್ದು ನಿನಗೆ? ನಾನಂತೂ ಹೇಳಿಲ್ಲ. ಕುಮಟೆಯ ಆ ಸೊಸೈಟಿಯಲ್ಲಿ ಮೂರು ವರ್ಷ ಗುಮಾಸ್ತಿಕೆ ಮಾಡಿದೆ. ಕೆಟ್ಟ ಜಾಗವೇನಲ್ಲ, ಕೆಟ್ಟ ಜನರೂ ಅಲ್ಲ. ಆದರೆ ಬೆಳಿಗ್ಗೆ ಹತ್ತರಿಂದ ಗೋಡೆ ಗಡಿಯಾರ ನೋಡುತ್ತ ಕೂರುವುದೇ ನನ್ನ ಕೆಲಸವಾಗಿತ್ತು. ನೀನು ಹುಟ್ಟಿದಾಗ ರಜೆ ಹಾಕಿ ಮನೆಯಲ್ಲಿದ್ದೆನಲ್ಲ, ಆಗ ಮೊದಲ ಸಲ ಮಧ್ಯಾಹ್ನ ಹೇಗಿರುತ್ತದೆ ಎಂದು ನೋಡಿದೆ. ನೀನು ಮಲಗಿದ್ದೆ, ಹೊರಗೆ ಬಿಸಿಲು, ಬಾವಿಕಟ್ಟೆಯ ಮೇಲೆ ಕಾಗೆ ಕೂತಿತ್ತು, ನಾನು ಅವರೆ ಬಿಡಿಸುತ್ತಿದ್ದೆ. ಇದನ್ನು ಬಿಟ್ಟು ಆ ಕುರ್ಚಿಗೆ ವಾಪಸು ಹೋಗಲು ಮನಸ್ಸಾಗಲಿಲ್ಲ. ರಜೆ ಮುಗಿಯುವ ಮೊದಲೇ ರಾಜೀನಾಮೆ ಬರೆದು ಕಳಿಸಿದೆ. ಅಪ್ಪ ಬೇಡವೆಂದರು, ನಾನು ಕೇಳಲಿಲ್ಲ. ನಿನಗಾಗಿ ಬಿಟ್ಟದ್ದಲ್ಲ ಮಗಾ, ನನಗಾಗಿ ಬಿಟ್ಟದ್ದು. ಹಾಗೆ ಬಿಡಲು ನನಗೆ ಸಾಧ್ಯವಾಯಿತು, ಅದು ನನ್ನ ಪುಣ್ಯ. ಪುಣ್ಯ ಬಂದವಳನ್ನು ಹಿಡಿದು 'ನಾಲ್ಕು ಗೋಡೆಯ ನಡುವೆ ಸವೆದುಹೋದಳು' ಎಂದು ಹೇಳಿದೆಯಲ್ಲ, ಒಂದು ಸಲ ನನ್ನನ್ನು ಕೇಳಿದ್ದರೆ ಆಗುತ್ತಿರಲಿಲ್ಲವೇ?

ನಿನಗೆ ಏಳು ವರ್ಷವಿದ್ದಾಗ ಮೈಯೆಲ್ಲ ಸೀತಾಳೆ ಸಿಡುಬೆದ್ದು ಮೂರು ವಾರ ಮನೆಯಲ್ಲಿದ್ದೆ, ನೆನಪಿದೆಯಾ? ಬೇವಿನ ಸೊಪ್ಪಿನ ಮೇಲೆ ನಿನ್ನನ್ನು ಕೂರಿಸಿ ದಿನಾ ಚೆನ್ನೆಮಣೆ ಆಡುತ್ತಿದ್ದೆವು. ನಾನು ನಿನಗೆ ಒಂದಾಟವನ್ನೂ ಬಿಟ್ಟುಕೊಡಲಿಲ್ಲ. ನೀನು ಅತ್ತು ಮಣೆಯನ್ನೇ ಎತ್ತಿ ಒಗೆದೆ. ನಾನು ಹೊಟ್ಟೆ ಹಿಡಿದು ನಕ್ಕೆ. ತ್ಯಾಗಮಯಿಗಳು ಹಾಗೆ ಮಾಡುತ್ತಾರೆಯೇ? ಆ ಮೂರು ವಾರ ನನಗೆ ಎಷ್ಟು ಸುಖವಾಗಿತ್ತೆಂದು ಹೇಳಿದರೆ ಜನ ಬೈದಾರು, ಮಗುವಿಗೆ ಮೈಗೆ ಹುಷಾರಿಲ್ಲದಾಗ ತಾಯಿಗೆ ಸುಖವೇ ಎಂದು. ಬೈದರೆ ಬೈಯಲಿ, ಸುಖವಾಗಿತ್ತು.

"ಒಂದು ದಿನವೂ ತುಟಿಪಿಟಕ್ಕೆನ್ನಲಿಲ್ಲ" ಎಂದದ್ದಕ್ಕೆ ಶ್ರೀಗೌರಿ ಟೀಚರಿಗೂ ನಗು ತಡೆಯಲಾಗಲಿಲ್ಲ. "ನಿಮ್ಮ ದನಿ ನಮ್ಮನೆ ದೇವರ ಕೋಣೆವರೆಗೂ ಬರ್ತದಲ್ಲ!" ಅಂದರು. ನಾನು ಬಾಯಿಲ್ಲದವಳೇ? ಬೇಜಾರು ನನಗೂ ಇದೆ, ಇಲ್ಲವೆಂದರೆ ಅದೂ ನಿನ್ನ ಭಾಷಣದಷ್ಟೇ ಸುಳ್ಳು. ಮಳೆಗಾಲದಲ್ಲಿ ಎಂಟು ದಿನವಾದರೂ ಒಣಗದ ಅಪ್ಪನ ಖಾಕಿ ಪ್ಯಾಂಟು ನೋಡಿದರೆ ಸುಟ್ಟುಹಾಕೋಣ ಅನ್ನಿಸುತ್ತದೆ. ಮದುವೆ ಮನೆಯಲ್ಲಿ ಯಾರಾದರೂ "ನೀವು ಮನೇಲೇ ಇರೂದಾ?" ಎಂದು ಆ 'ಲೇ' ಎಳೆದು ಕೇಳಿದರೆ ಮೈ ಉರಿಯುತ್ತದೆ. ಕೆಲವು ಸಂಜೆ ಯಾರಿಗೂ ಅಡಿಗೆ ಮಾಡದೆ ಧಾರೇಶ್ವರದ ಸಮುದ್ರದ ದಂಡೆಗೆ ಹೋಗಿ ಕೂರೋಣ ಅನ್ನಿಸುತ್ತದೆ. ಎರಡು ಸಲ ಹೋಗಿಯೂ ಕೂತಿದ್ದೇನೆ, ನೀವಿಬ್ಬರೂ ಅವತ್ತು ಅವಲಕ್ಕಿ ತಿಂದಿರಿ. ಇದನ್ನೆಲ್ಲ ಹೇಳಿದ್ದರೆ ಬಹುಮಾನ ಬರುತ್ತಿರಲಿಲ್ಲ ಎಂದು ನನಗೂ ಗೊತ್ತು. ಬಹುಮಾನಕ್ಕೆ ಸೋತ ಹೆಂಗಸು ಬೇಕು. ನೀನು ನನ್ನನ್ನು ಸೋಲಿಸಿ ತೋರಿಸಿ ಗೆದ್ದೆ.

ಈಗ ಮುಖ್ಯ ವಿಷಯ. ಮೊನ್ನೆ ಭಾನುವಾರ ಕುಮಟೆಯ ಮಹಿಳಾ ಸಂಘದ ಕಾರ್ಯದರ್ಶಿ ಬಂದಿದ್ದರು. ಮಾರ್ಚ್ ಎಂಟಕ್ಕೆ ಮಹಿಳಾ ದಿನವಂತೆ. ವೇದಿಕೆಯ ಮೇಲೆ ನೀನು ಅದೇ ಭಾಷಣ ಮಾಡುವುದಂತೆ, ಪಕ್ಕದ ಕುರ್ಚಿಯಲ್ಲಿ ನಾನು ಕೂರುವುದಂತೆ. ಭಾಷಣ ಮುಗಿದ ಮೇಲೆ ನನಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ನಾನು ಮಗಳನ್ನು ಕೇಳಿ ಹೇಳುತ್ತೇನೆ ಎಂದೆ. ಅವರು ನಕ್ಕು, "ಅವ್ಳು ಆಗ್ಲೇ ಒಪ್ಪಿ ಆತಲ್ಲ! ಆಯಿ ಎಂತಕ್ಕೂ ಇಲ್ಲ ಅನ್ನೂದಿಲ್ಲ, ನೀವು ಕಾರ್ಡು ಹೊಡೆಸಿ ಅಂದ್ಲು" ಅಂದರು.

ಆಯಿ ಇಲ್ಲ ಅನ್ನುತ್ತಾಳೆ. ಕೇಳಿಸಿತಾ? ಇಲ್ಲ. ಧಾರವಾಡದಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ, ಆಡಿದ್ದು ಆಡಿದೆ. ಕುಮಟೆಯಲ್ಲಿ ನನ್ನ ಜೊತೆ ಓದಿದವರಿದ್ದಾರೆ, ಸೊಸೈಟಿಯವರಿದ್ದಾರೆ, ನನ್ನ ತವರಿನವರಿದ್ದಾರೆ. ಅವರ ಮುಂದೆ ನನ್ನ ಇಪ್ಪತ್ತು ವರ್ಷವನ್ನು ನೀನು ದುಃಖದ ಕಥೆ ಮಾಡಿದರೆ ಇನ್ನು ಸಾಯುವವರೆಗೂ ಅದೇ ನನ್ನ ಕಥೆ. ನಾನು ಎಷ್ಟು ಹೇಳಿದರೂ ಆಮೇಲೆ ಯಾರೂ ನಂಬುವುದಿಲ್ಲ, ಪಾಪ, ಮರ್ಯಾದೆಗೆ ಹಾಗೆ ಹೇಳ್ತಾಳೆ ಅನ್ನುತ್ತಾರೆ. ಹಾಗಾಗಿ ನೀನೇ ಆ ಕಾರ್ಯದರ್ಶಿಗೆ ಫೋನು ಮಾಡಿ ನಾವು ಬರುವುದಿಲ್ಲ ಎಂದು ಹೇಳಬೇಕು. ಇಲ್ಲವಾದರೆ ಈ ಕಾಗದದಲ್ಲಿ ಇರುವ ಆಯಿಯ ಬಗ್ಗೆ ಮಾತಾಡು, ಸಾರು ಬಚ್ಚಿಡುವವಳು, ಜಗಳಗಂಟಿ, ಮನೆಯಲ್ಲಿರುವುದು ನನ್ನ ಇಷ್ಟ ಎನ್ನುವವಳು. ಹಾಗಾದರೆ ಬಂದು ಕೂರುತ್ತೇನೆ. ಹಳೆಯದನ್ನೇ ಆಡಿದರೆ ಸಭೆಯಲ್ಲೇ ಎದ್ದು ನಿಂತು ಇದು ಸುಳ್ಳು ಅನ್ನುತ್ತೇನೆ. ನಾನು ಅಂದ ಮೇಲೆ ಮಾಡುವವಳೇ, ನಿನಗೆ ಗೊತ್ತು.

ಸರಿ, ಆಶೀರ್ವಾದ. ಚೆನ್ನಾಗಿ ಓದು, ನೂರು ವರ್ಷ ಬಾಳು, ಹೋದ ಕಡೆಯೆಲ್ಲ ಗೆಲ್ಲು. ಹಾಸ್ಟೆಲಿನಲ್ಲಿ ರಾತ್ರಿ ಊಟ ಬಿಡಬೇಡ. ತಲೆಗೆ ಎಣ್ಣೆ ಹಚ್ಚು, ವಿಡಿಯೋದಲ್ಲಿ ಕೂದಲು ಒಣಗಿ ಹಾರುತ್ತಿತ್ತು. ನನ್ನ ಸಿಟ್ಟು ನಿನ್ನ ಮೇಲೆ ಎಷ್ಟಿದ್ದರೂ ನೀನು ನನ್ನ ಹೊಟ್ಟೆಯ ಬೆಳಕೇ.

ನಿನ್ನ
ಆಯಿ

ತಾ.ಕ.: ಲಕೋಟೆ ಅಂಟಿಸಿದ ಮೇಲೆ ಮತ್ತೆ ಬಿಚ್ಚಿದೆ. ಮೇಲೆ ಬರೆದ ಸಿಟ್ಟೆಲ್ಲ ನಿಜ. ಆದರೆ ಹತ್ತು ದಿನ ನಾನು ಫೋನು ಎತ್ತದೆ ಇದ್ದದ್ದು ಅದಕ್ಕಲ್ಲ. ವಿಡಿಯೋದ ಕೊನೆಗೆ ಕ್ಯಾಮೆರಾ ಜನರ ಕಡೆ ತಿರುಗುತ್ತದೆ. ಮೊದಲ ಸಾಲಿನಲ್ಲಿ ಬಿಳಿ ಅಂಗಿ ಹಾಕಿಕೊಂಡು ನಿನ್ನ ಅಪ್ಪ ಕೂತಿದ್ದಾರೆ. ಆ ಅಂಗಿಗೆ ಇಸ್ತ್ರಿ ಹಾಕಿದವಳು ನಾನು. ಮಗಳನ್ನು ನೋಡಿಕೊಂಡು ಬರುತ್ತೇನೆ ಎಂದಷ್ಟೇ ಹೇಳಿ ಹೊರಟಿದ್ದರು, ಚಕ್ಕುಲಿ ಕಟ್ಟಿಕೊಟ್ಟಿದ್ದೆ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ಅವ್ಳೇ ಅಂದ್ಳು, ಆಯಿಗೆ ಮನೆ ಬಿಟ್ಟು ಬರೂಕೆ ಆಗೂದಿಲ್ಲ, ನೀ ಒಬ್ನೇ ಬಾ ಅಪ್ಪ ಅಂತ. ಹೇಳಿದ್ರೆ ನಿಂಗೆ ಬೇಜಾರಾಗ್ತದೆ ಅಂತ ನಾನೂ ಹೇಳ್ಲಿಲ್ಲಾ" ಅಂದರು. ಸ್ಪರ್ಧೆಯ ದಿನ ಗುರುವಾರ. ನನ್ನ ಕೆಲಸ ಒಂಬತ್ತೂವರೆಗೆಲ್ಲ ಮುಗಿದಿತ್ತು. ನೀನು ಅಲ್ಲಿ ಸೇರಿ ಎರಡು ವರ್ಷವಾಯಿತು, ನಾನು ಇನ್ನೂ ಧಾರವಾಡ ನೋಡಿಲ್ಲ. ಸೀರೆ ಬದಲಿಸಿ ಬಾಗಿಲಿಗೆ ಬೀಗ ಹಾಕಲು ನನಗೆ ಹತ್ತು ನಿಮಿಷ ಸಾಕಿತ್ತು ರಂಜೂ. ನನ್ನನ್ನು ಯಾಕೆ ಕರೆಯಲಿಲ್ಲ?