ಎರಡೇ ನಿಮಿಷದ ರೆಕಾರ್ಡು

೪ ಆಗಸ್ಟ್ ೨೦೦೮, ಸೋಮವಾರ

ಹೆಡ್‌ಫೋನ್ ಹಾಕ್ಕೊಂಡು ಕಿವಿ ಕೆಂಪಗಾಗಿದೆ. ನಮ್ಮ ಬೊಂಬೆ ಕಾರ್ಖಾನೆ ಆಫೀಸಲ್ಲಿ ಹಳೇ ಫೋನ್ ಎತ್ತಿಟ್ರು. ಇನ್ಮೇಲೆ ಎಲ್ಲಾ ಕಾಲ್ ಕಂಪ್ಯೂಟರ್‌ನಲ್ಲೇ. ರೆಕಾರ್ಡೂ ಅದೇ ಮಾಡ್ಕೊಳ್ಳುತ್ತಂತೆ. ಡಿಸ್ಕ್ ತುಂಬುತ್ತೆ ಅಂತ ಮ್ಯಾನೇಜರ್ ಅನಂತರಾಜು ಸಾರ್ ಒಂದು ಕಾಲಿಗೆ ಮೊದಲ ಎರಡೇ ನಿಮಿಷ ರೆಕಾರ್ಡ್ ಆಗೋ ಹಾಗೆ ಸೆಟ್ ಮಾಡಿಸಿದ್ದಾರೆ. "ಭಾನುಪ್ರಿಯ, ಬೊಂಬೆ ಆರ್ಡರ್ ತಗೊಳ್ಳೋಕೆ ಎರಡು ನಿಮಿಷ ಧಾರಾಳ." ಹೂಂ ಸಾರ್ ಅಂದೆ. ಇದೇ ತಿಂಗಳು ನನ್ನ ಪರ್ಮನೆಂಟ್ ವಿಷಯ ನೋಡೋದು. ಇನ್ನೇನು ಅನ್ಲಿ!

೬ ಆಗಸ್ಟ್

ಮೈಸೂರು ಅಂಗಡಿ ಬೋರಲಿಂಗಯ್ಯನೋರ ಕಾಲ್. ಊಟ ಆಯ್ತೇನವ್ವ, ನಿಮ್ಮವ್ವನ ಮಂಡಿ ನೋವು ಹೆಂಗೈತೆ, ಚನ್ನಪಟ್ಣದಲ್ಲಿ ಮಳೆ ಒಸಿನಾದ್ರೂ ಬಂತಾ... ಎಲ್ಲಾ ಮುಗಿದ ಮೇಲೆ ಆರ್ಡರ್. ಮಕ್ಕಳು ಕೂತು ತೂಗೋ ಕುದುರೆ, ಎಲ್ಲಾ ಕೆಂಪು. ಸಾರ್ ಗಡಿಯಾರ ತೋರಿಸಿ ಕಣ್ಣು ಬಿಟ್ರು. ಊಟ ಆಯ್ತಾ ಅಂದೋರಿಗೆ, ಬಣ್ಣ ಯಾವ್ದು ಹೇಳಿ ಅನ್ಲಾ?

೧೮ ಆಗಸ್ಟ್, ಮಧ್ಯಾಹ್ನ

ಕೆಟ್ಟೆ. ಕುದುರೆ ಮೈಸೂರು ಮುಟ್ಟಿವೆ. ಬೋರಲಿಂಗಯ್ಯನೋರ ಕೂಗಾಟ— ಹಳದಿ ಹೇಳಿದ್ದೆ, ಕೆಂಪು ಕಳಿಸ್ಬುಟ್ಟವ್ರೆ, ವಾಪಸ್ ತಗೊಂಡೋಗಿ. ಕೆಂಪೇ ಅಂದಿದ್ರು, ದೇವರಾಣೆ. ಬಣ್ಣ ಬಳಿದ ಶುಕೂರಣ್ಣ ನನ್ನ ಮುಖಾನೇ ನೋಡ್ತಾ ನಿಂತ. ಸಾರ್ ಅಂದ್ರು: "ರೆಕಾರ್ಡ್ ಇದೆಯಲ್ಲ. ಕಂಪ್ಯೂಟರ್‌ನೋರು ನಾಳೆ ಬಂದು ತೆಗೆದುಕೊಡ್ತಾರೆ. ತಪ್ಪು ನಿಂದಾದ್ರೆ ಪರ್ಮನೆಂಟ್ ಮರೆತುಬಿಡು."

ಏನಿರುತ್ತೆ ಅದ್ರಲ್ಲಿ? ಎರಡು ನಿಮಿಷವೂ ಊಟ, ಮಂಡಿ, ಮಳೆ! ಬಾತ್‌ರೂಮಿಗೆ ಹೋಗಿ ಅತ್ತೆ.

೧೯ ಆಗಸ್ಟ್

ಬೋರಲಿಂಗಯ್ಯನೋರನ್ನ ಲೈನಲ್ಲಿಟ್ಟುಕೊಂಡೇ ಸಾರ್ ರೆಕಾರ್ಡ್ ಹಾಕಿಸಿದ್ರು, ಸ್ಪೀಕರ್‌ನಲ್ಲಿ. ಊಟ. ಅವ್ವನ ಮಂಡಿ. ಸಾರ್ ದುರುಗುಟ್ಟಿ ನೋಡ್ತಿದ್ರು, ನಾನು ನೆಲ ನೋಡ್ತಿದ್ದೆ. ಮಳೆ. ಆಮೇಲೆ, ನಾನೇ ಮರೆತಿದ್ದ ಮಾತು— "ಮೊಮ್ಮಗಳು ಸಿರಿ ಬಂದವ್ಳೆ ಕಣವ್ವ. ಅಂಗ್ಡೀಲಿರೋ ಕೆಂಪು ಕುದುರೆ ಬುಟ್ಟು ಇಳೀತಾನೇ ಇಲ್ಲ. ಅವಳ್ನ ನೋಡಿ ಬಂದ ಮಕ್ಳೆಲ್ಲ ಕೆಂಪೇ ಬೇಕು ಅಂತವೆ. ಅದ್ಕೇ ಈ ಸಲ—" ಅಲ್ಲಿಗೆ ಕಟ್.

ಆ ಕಡೆಯಿಂದ ಜೋರು ನಗು. "ಅಯ್ಯೋ ನನ್ ಬುದ್ಧಿಗಿಷ್ಟು! ಹಳದಿ ಅಂದಿದ್ದು ಬುಗುರಿ ಆರ್ಡರ್ ತಗೊಂಡೋನ್ಗೆ. ಕುದುರೆ ಇಲ್ಲೇ ಇರ್ಲಿ ಸಾಮಿ. ಮಗಾ, ಬೇಜಾರ್ ಮಾಡ್ಕೋಬ್ಯಾಡ ಕಣವ್ವ."

ಬಾಗಿಲಲ್ಲಿದ್ದ ಶುಕೂರಣ್ಣ ಶಿಳ್ಳೆ ಹಾಕಿದ. ನಾನು ಮತ್ತೆ ಬಾತ್‌ರೂಮು, ಮತ್ತೆ ಅಳು. ಈ ಸಲ ಖುಷಿಗೆ.

೧ ಸೆಪ್ಟೆಂಬರ್, ಆಫೀಸಿನಲ್ಲೇ

ಪರ್ಮನೆಂಟ್! ಸಾರ್ ಎರಡು ನಿಮಿಷದ ಸೆಟ್ಟಿಂಗೇ ತೆಗೆಸಿಬಿಟ್ರು. "ಡಿಸ್ಕ್ ತುಂಬಿದ್ರೆ ಇನ್ನೊಂದು ತಂದ್ರಾಯ್ತು. ನೀನು ಮಾತಾಡಮ್ಮ." ಅವ್ವನಿಗೆ ಈಗ್ಲೇ ಹೇಳ್ಬೇಕು... ತಡಿ, ಕಾಲ್ ಬಂತು. ಬೋರಲಿಂಗಯ್ಯನೋರೇ. ಇವತ್ತು ನಾನೇ ಮೊದಲು ಕೇಳೋದು, ಊಟ—