ನಾಲ್ಕು ಗಂಟೆಯ ಸಭೆ

ಶಹಾಪುರ, ಸೋಮವಾರ

ಕೊಂಕಲ್‌ನ ಅಮೃತಮ್ಮ ಅವ್ವನವರಿಗೆ ಸಾಬೇರಾಳ ಸಲಾಮು.

ಕಳೆದ ವಾರ ಕಲ್ಲುಕ್ವಾರಿಯ ಬಗ್ಗೆ ನಿಮ್ಮೂರವರ ತಕರಾರು ಕೇಳಲು ಇಲ್ಲಿ ನಡೆದ ಸಭೆಯನ್ನು ಏರ್ಪಡಿಸಿದವಳು ನಾನು. ಬೇರೆಯವರ ಸಭೆಗಳನ್ನು ವಹಿಸಿಕೊಂಡು ನಡೆಸಿಕೊಡುವುದೇ ನನ್ನ ಕೆಲಸ. ಮೊದಲು ಬೆಳಿಗ್ಗೆ ಹನ್ನೊಂದಕ್ಕೆಂದು ಬರೆದಿದ್ದೆ. ಕಂಪನಿಯ ಮ್ಯಾನೇಜರು, “ನಾಲ್ಕಕ್ಕ ಇಡ್ರಿ ಮೇಡಂ. ಐದಕ್ಕ ಕೊನೇ ಬಸ್ ಅದ, ಊರಿನವ್ರು ತಾವಾಗೇ ಎದ್ದು ಹೋಗ್ತಾರ,” ಎಂದರು. ಅರ್ಥವಾಗಿಯೂ ನಾಲ್ಕೆಂದೇ ನೋಟಿಸು ಕಳಿಸಿದೆ.

ಅವರ ಭಾಷಣವೇ ಮುಕ್ಕಾಲು ಗಂಟೆ ನಡೆಯಿತು. ಸಿಡಿಮದ್ದಿನಿಂದ ನಿಮ್ಮ ಮನೆಯ ಗೋಡೆ ಬಿರುಕು ಬಿಟ್ಟದ್ದನ್ನು ಹೇಳಲು ನೀವು ಎದ್ದು ನಿಂತಾಗ ಬಸ್ಸಿನ ಹೊತ್ತಾಗಿತ್ತು. ಹೊರಡುವಾಗ ನನ್ನ ಕೈ ಹಿಡಿದು, “ಚಹಾ, ನೀರು ಎಲ್ಲಾ ಛಲೋ ನೋಡ್ಕೊಂಡಿ ನಮ್ಮವ್ವ,” ಎಂದಿರಿ.

ನೀವು ಹೋದ ಮೇಲೆ ವರದಿಯಲ್ಲಿ ‘ಯಾರ ತಕರಾರೂ ಇಲ್ಲ’ ಎಂದು ಬರೆಯಲು ಮ್ಯಾನೇಜರು ಹೇಳಿದರು. ನನಗೆ ಸಾಕಾಗಿಹೋಗಿತ್ತು. “ತಕರಾರು ಹೇಳಾಕ ನಾವು ಹೊತ್ತೇ ಕೊಟ್ಟಿಲ್ಲಲ್ರಿ,” ಎಂದೆ. ನಡೆದದ್ದನ್ನೇ ಬರೆದು ಕಂಪನಿಗೂ ಪಂಚಾಯ್ತಿಗೂ ಕೊಟ್ಟೆ. ಮುಂದಿನ ಸಭೆಯನ್ನು ಕಂಪನಿಯವರು ಬೇರೆಯವರಿಗೆ ವಹಿಸಿದ್ದಾರೆ.

ಅದಕ್ಕೇ ಒಂದು ವಿನಂತಿ. ಸಭೆ ನಿಮ್ಮೂರಲ್ಲೇ, ಬೆಳಗಿನ ಹೊತ್ತೇ ಆಗಬೇಕೆಂದು ಮಗಳು ನಾಗಲಕ್ಷ್ಮಿಯ ಕೈಲಿ ಇಂದೇ ಪಂಚಾಯ್ತಿಗೆ ಅರ್ಜಿ ಬರೆಸಿರಿ. ನನ್ನ ವರದಿಯ ಪ್ರತಿ ಇದರ ಜೊತೆಗಿದೆ. ನಾನು ತಿಳಿದೂ ತಿಳಿದೂ ಹೊತ್ತು ಬದಲಿಸಿದೆ ಎಂಬುದೂ ಅದರಲ್ಲಿದೆ. ಊರವರ ಮುಂದೆ ನಾನೇ ಬಾಯಿಬಿಟ್ಟು ಹೇಳಬೇಕೆಂದರೆ ಕರೆಯಿರಿ, ಬರುತ್ತೇನೆ. ಸೀದಾ ನಿಮ್ಮ ಮನೆಗೆ ಬರಲು ಮುಖವಿಲ್ಲ; ನಿಮ್ಮೂರ ಶಾಲೆಯ ಮುಂದೆ ನಿಂತಿರುತ್ತೇನೆ.

ನಿಮ್ಮ ಕರೆಗೆ ಕಾದಿರುವ,
ಸಾಬೇರಾ