ನಿಮಗೆ ರಂಜಕ ಬಿಡಿಸಿದ್ದು

ಅತ್ತೆಯವರಿಗೆ ಸೊಸೆ ನೀಲಮ್ಮನ ಶರಣು.

ನೀವು ಬದುಕಿದ್ದಾಗ ನಿಮ್ಮೆದುರು ಕೂತು ಎರಡು ಮಾತು ನೆಟ್ಟಗೆ ಆಡದವಳು ಈಗ ಕಾಗದ ಬರೆಯುತ್ತಿದ್ದಾಳೆ ಎಂದು ನಗಬೇಡಿ. ನಿಮ್ಮ ಹೊಟ್ಟೆಯ ಉರಿ ಯಾತರಿಂದ ಬಂತು ಎಂಬುದು ಕೊನೆಯವರೆಗೂ ನಿಮಗೆ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು.

ವಾಡಿಯ ಈ ಮನೆಯಲ್ಲಿ ನೀವು ಮೊದಲ ಸಲ ತಟ್ಟೆ ಸರಿಸಿದ ದಿನ ನೆನಪಿದೆಯೇ? ಎದೆಯ ಕೆಳಗೆ ಕೈ ಒತ್ತಿಕೊಂಡು, ಪಕ್ಕದ ಮನೆಗೂ ಕೇಳುವಂತೆ ಹೇಳಿದಿರಿ: "ನಮ್ ಸೊಸಿ ಕೈ ಭಾಳ ಖಾರ ಅದರಿ. ಹೊಟ್ಟ್ಯಾಗ ಒಲಿ ಹಚ್ಚಿಟ್ಟಾಳ." ರೊಟ್ಟಿಯ ಮೇಲೆ ಅಂಗೈಯಗಲ ರಂಜಕ ಹಚ್ಚಿ, ಎಣ್ಣೆ ಬಿಟ್ಟುಕೊಂಡು, "ಇನ್ನೊಂದೀಟು ಹಾಕು" ಎನ್ನುತ್ತಿದ್ದವರು ಯಾರು? ಆ ರಂಜಕಕ್ಕೆ ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ ಕುಟ್ಟಿ ಕುಟ್ಟಿ ನನ್ನ ಬೆರಳು ಉರಿಯುತ್ತಿದ್ದವಲ್ಲ, ಅದನ್ನು... ಇರಲಿ.

ಶಹಾಬಾದಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಜಠರದ ಒಳಗೆ ಉರಿಯೂತ ಎಂದರು. ಮುಂಜಾನೆಯಿಂದ ಏನೇನು ತಿನ್ನುತ್ತೀರಿ, ಒಂದೂ ಬಿಡದೆ ಹೇಳಿ ಎಂದಾಗ ನೀವು ಸೆಟೆದು ಕೂತಿರಿ. "ಲಿಂಗಪೂಜಿ ಆಗೋತನ ನಾ ಏನೂ ತಿನ್ನಂಗಿಲ್ಲರಿ. ಚಾ ಸೈತ ಇಲ್ಲ. ಆಮ್ಯಾಲ ರೊಟ್ಟಿ, ಬ್ಯಾಳಿ, ರಂಜಕ." ಡಾಕ್ಟರು ರಂಜಕದ ಹತ್ತಿರವೇ ನಿಂತುಬಿಟ್ಟರು, ಮುಂದೆ ಕೇಳಲಿಲ್ಲ. ಅಂದಿನಿಂದ ಖಾರ ಬಂದ್.

ಮೂರು ತಿಂಗಳು ನುಚ್ಚು, ಮಜ್ಜಿಗೆ, ಸಪ್ಪೆ ಬೇಳೆ ಬೇಯಿಸಿದೆ. ಕೊಡ್ಲಿ ಊರಿನಿಂದ ನಿಮ್ಮ ಮಗಳು ಬಂದು ತಾನೇ ಗಂಜಿ ಕಾಸಿ ಕುಡಿಸಿ ಹೋದಳು. ಉರಿ ಇಳಿಯಲಿಲ್ಲ. "ಕದ್ದು ಖಾರ ಹಾಕ್ಲಿಕತ್ತಾಳ" ಎಂದು ನೀವು ನಿಮ್ಮ ಮಗನಿಗೆ ಹೇಳಿದಿರಿ. ಅವರು ಅಡುಗೆಮನೆಗೆ ಬಂದು ಬೇಳೆಯನ್ನು ನಾಲಿಗೆಗೆ ಹಚ್ಚಿ ನೋಡಿದರು. ಆ ದಿನ ತವರಿಗೆ ಹೋಗಲು ಟ್ರಂಕಿಗೆ ಸೀರೆ ತುಂಬಿದ್ದೆ, ಗೊತ್ತೇ ನಿಮಗೆ?

ನಿಮ್ಮ ಔಷಧ ತರಲು ಶಹಾಬಾದಿಗೆ ನಾನೊಬ್ಬಳೇ ಹೋಗಿದ್ದೆ. ಡಾಕ್ಟರ ಮುಂದೆ ಅವರ ಚೀಟಿ ತೆಗೆಯಲು ಸೆರಗಿನ ಗಂಟು ಬಿಚ್ಚಿದಾಗ, ಅಂಗಡಿಯಲ್ಲಿ ಆಗಲೇ ಕೊಂಡಿದ್ದ ನಿಮ್ಮ ಮೊಣಕಾಲು ನೋವಿನ ಗುಳಿಗೆಯ ಪೊಟ್ಟಣ ಅವರ ಮೇಜಿನ ಮೇಲೆ ಬಿತ್ತು.

"ಇದು ಯಾರಿಗಿ?"

"ಅತ್ತಿಗರಿ. ದಿನಾ ಮುಂಜಾನಿ ಎದ್ದ ಕೂಡ್ಲೆ ಒಂದು. ಇಲ್ಲಂದ್ರ ಪೂಜಿಗಿ ಕಾಲು ಮಡಚಿ ಕುಂದ್ರಲಿಕ್ಕಿ ಬರಂಗಿಲ್ಲರಿ."

"ಎಷ್ಟು ದಿನ ಆತು?"

"ಎರಡು ವರ್ಷ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಖಾಲಿ ಹೊಟ್ಟಿಗಿ? ಖಾರದ್ದಲ್ಲ ತಂಗಿ, ಇದರದೇ ಕೆಲಸ. ಮೊದ್ಲ ಇದನ್ನ ಬಿಡಿಸ್ರಿ. ಹೊಟ್ಟಿ ನೆಟ್ಟಗಾದ ಮ್ಯಾಲ ಒಂದೀಟು ಖಾರ ತಿಂದ್ರೂ ನಡೀತದ."

ನೀವು ಅವರಿಗೆ ಸುಳ್ಳು ಹೇಳಿರಲಿಲ್ಲ. ಗುಳಿಗೆಯನ್ನು ತಿನ್ನುವ ಪದಾರ್ಥವೆಂದು ನಮ್ಮಲ್ಲಿ ಯಾರು ಎಣಿಸುತ್ತಾರೆ?

ವಾಪಸ್ ರೈಲಿನಲ್ಲಿ, ನನ್ನ ಅಡುಗೆಯ ತಪ್ಪಲ್ಲವೆಂದು ಮೊದಲು ಖುಷಿಯಾಯಿತು, ಆಮೇಲೆ ನೆನಪಾಯಿತು. ದಿನಾ ಚೊಂಬಿನಲ್ಲಿ ನೀರು ಹಿಡಿದು ಆ ಗುಳಿಗೆ ಕೊಟ್ಟವಳು ನಾನೇ. ಊಟದ ಮೇಲೆ ಕೊಡಬೇಕೆಂದು ಔಷಧದ ಅಂಗಡಿಯವನು ಹೇಳಿದ್ದ. "ದವಾಕ್ಕ ಎಂಥಾ ನೇಮ?" ಎಂದಿರಿ ನೀವು, ನಾನು ಖಾಲಿ ಹೊಟ್ಟೆಗೇ ಕೊಡುತ್ತಾ ಬಂದೆ. ಇಡೀ ಓಣಿಯಲ್ಲಿ ನೀವು ನನ್ನನ್ನು ಹೊಗಳುತ್ತಿದ್ದುದು ಆ ಒಂದು ಸೇವೆಗೆ. ಈಗ ಹೇಳಿದರೆ...

ಅಂಗಡಿಯಲ್ಲಿ ಗುಳಿಗೆ ಸಿಗುತ್ತಿಲ್ಲ ಎಂದುಬಿಟ್ಟೆ. ದಿನಾ ಬೆಳಿಗ್ಗೆ ಬಿಸಿ ಎಣ್ಣೆ ತಿಕ್ಕಿದೆ, ಪೂಜೆಗೆ ಕಾಲು ಇಳಿಬಿಟ್ಟು ಕೂರಲು ಎತ್ತರದ ಮಣೆ ಮಾಡಿಸಿದೆ. ಎರಡು ತಿಂಗಳಲ್ಲಿ ಉರಿ ಹೋಯಿತು. ಪುಣ್ಯವೆಲ್ಲ ಮಗಳ ಗಂಜಿಗೆ ಮತ್ತು ನಾಲವಾರದ ಮಠಕ್ಕೆ ನೀವು ಹೊತ್ತ ಹರಕೆಗೆ.

ಹರಕೆ ತೀರಿಸಲು ನಾಲವಾರಕ್ಕೆ ಹೋದಾಗ ರೈಲು ಡಬ್ಬಿಯಲ್ಲಿದ್ದ ಹೆಂಗಸರಿಗೆ, "ಸೊಸಿ ಖಾರ ಬಿಟ್ಟ ಮ್ಯಾಲ ನಾ ಬದುಕಿದೆ ನೋಡ್ರಿ" ಎಂದಿರಿ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಮೊದಮೊದಲು ಹೆದರಿಕೆ, ಆಮೇಲೆ ಹಟ. ನನ್ನ ಅಡುಗೆಯ ಮೇಲೆ ಹೊರಿಸಿದಿರಲ್ಲ, ಸಪ್ಪೆಯನ್ನೇ ತಿನ್ನಿ ಎಂಬ ಹಟ. ಹೌದು ಅತ್ತೆ, ನಾನು ಅಷ್ಟು ಕೆಟ್ಟವಳೇ.

ಆರು ವರ್ಷ ನೀವು ಸಪ್ಪೆ ತಿಂದಿರಿ. ಕೊನೆಯ ಜ್ವರದಲ್ಲಿ ನನ್ನ ಸೆರಗು ಹಿಡಿದು, "ನೀಲವ್ವಾ, ಒಂದೀಟು ರಂಜಕ ನಾಲಿಗಿಗಿ ಹಚ್ಚ" ಎಂದಿರಿ. ಹೇಳಿ ಹೇಳಿ ರೂಢಿಯಾದ ಬಾಯಿ, "ಬ್ಯಾಡ ಅತ್ತಿ, ಹೊಟ್ಟಿಗಿ ಆಗಂಗಿಲ್ಲ" ಎಂದಿತು. "ಖರೆ ಅದ" ಎಂದು ನೀವು ಆ ಕಡೆ ಹೊರಳಿದಿರಿ. ಮರುದಿನ ನೀವಿರಲಿಲ್ಲ.

ಮೊನ್ನೆ ನಿಮ್ಮ ವರ್ಷದ ಎಡೆಗೆ ರೊಟ್ಟಿಯ ಮೇಲೆ ರಂಜಕ ಬಡಿಸಿದೆ. "ಅವ್ವಗ ಖಾರ ಆಗ್ತಿದ್ದಿಲ್ಲ, ತೆಗಿ" ಎಂದರು ನಿಮ್ಮ ಮಗ. ನಾನು ತೆಗೆಯಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಗುಳಿಗೆ, ಪೊಟ್ಟಣ, ಡಾಕ್ಟರು, ನನ್ನ ಹಟ. ಅವರು ಗೋಡೆಗೆ ಒರಗಿ ಕೂತರು. ಕೊಡ್ಲಿಯಿಂದ ಬಂದಿದ್ದ ನಿಮ್ಮ ಮಗಳು ಒಂದೇ ಪ್ರಶ್ನೆ ಕೇಳಿದಳು.

"ಕಡೀಗಿ ಕೇಳಿದಾಗೂ ಕೊಡಲಿಲ್ಲ?"

"ಕೊಡಲಿಲ್ಲ."

ಅವಳು ನನ್ನನ್ನು ಬಯ್ಯಲಿಲ್ಲ. ಎದ್ದು ಹೋಗಿ ರಂಜಕದ ಭರಣಿ ತಂದು, ನಿಮ್ಮ ರೊಟ್ಟಿಯ ಮೇಲೆ ಇನ್ನೊಂದು ಚಮಚ ಹಾಕಿದಳು. ಎಣ್ಣೆ ನಾನು ಬಿಟ್ಟೆ.